ಬಾಕಿಯ ಹೊರೆ ನೆಲದ ಮೇಲೆ

ಬಡಾವಣೆಯ ಕಾವಲುಗಾರನ ಸಂಬಳ, ಕೊಳವೆಬಾವಿಯ ಕರೆಂಟ್ ಬಿಲ್ಲು, ಚರಂಡಿಯ ರಿಪೇರಿ ಇತ್ಯಾದಿಗಳಿಗೆ ನಿವಾಸಿಗಳ ಸಂಘ ವಂತಿಗೆ ಎತ್ತುತ್ತದೆ. ಹತ್ತು ಮನೆಯವರು ಕೊಟ್ಟು ಹನ್ನೊಂದನೆಯವರು ಕೊಡದಿದ್ದರೆ? ನೀರು, ದೀಪ ಅವರಿಗೂ ಸಿಗುತ್ತದೆ. ಅವರ ಪಾಲಿನ ಖರ್ಚು ಉಳಿದವರ ತಲೆಯ ಮೇಲೆ ಬೀಳುತ್ತದೆ. ಇಂಥ ಬಾಕಿಗೆ ಒಡೆಯನ ಆಸ್ತಿಯನ್ನೇ ಹೊಣೆ ಮಾಡುವ ಕ್ರಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಗೆ ಹೊಸದೇನಲ್ಲ. ಅದರ ಬೇರು ಭೂಕಂದಾಯದಲ್ಲಿದೆ.

1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮುನ್ನ ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿದ್ದವು. 1956ರವರೆಗೆ ಆ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿ ನಡೆದದ್ದು 1879ರ ಮುಂಬಯಿ ಭೂಕಂದಾಯ ಕಾಯಿದೆ. ಸರ್ವೆ ನಂಬರಿಗೆ ಇಷ್ಟು ಆಕಾರವೆಂದು ಗೊತ್ತಾಗಿರುತ್ತಿತ್ತು. ಗೌಡ ವಸೂಲು ಮಾಡುತ್ತಿದ್ದ, ಕುಲಕರ್ಣಿ ಲೆಕ್ಕ ಬರೆಯುತ್ತಿದ್ದ, ಹಣ ಮಾಮಲೇದಾರರ ಕಚೇರಿಗೆ ಹೋಗುತ್ತಿತ್ತು.

ಕೊಡದವನಿಗೆ ನೋಟೀಸು ಬರುತ್ತಿತ್ತು. ಅದಕ್ಕೂ ಜಗ್ಗದಿದ್ದರೆ ಜಮೀನು ಮುಟ್ಟುಗೋಲು, ಚರಾಸ್ತಿಯ ಜಪ್ತಿ, ಸ್ಥಿರಾಸ್ತಿಯ ಲಿಲಾವು, ಬಂಧನ ಇವುಗಳಿಗೆಲ್ಲ ಕಾಯಿದೆಯಲ್ಲಿ ಅವಕಾಶವಿತ್ತು. ಇದಕ್ಕೆ ದಿವಾಣಿ ಕೋರ್ಟಿನ ತೀರ್ಪು ಬೇಕಿರಲಿಲ್ಲ. ಕಂದಾಯ ಅಧಿಕಾರಿಯ ಹುಕುಮೇ ಸಾಕಿತ್ತು. ಹೊಲದ ಮೇಲೆ ಸಾಹುಕಾರನ ಸಾಲವಿದ್ದರೂ ಮೊದಲು ತೀರಬೇಕಾದದ್ದು ಸರಕಾರದ ಬಾಕಿ.

ಈ ಅಧಿಕಾರವನ್ನು ಜನ ಎದುರಿಸಿದ್ದೂ ಇದೇ ನೆಲದಲ್ಲಿ. 1930ರ ದಶಕದ ಆರಂಭದಲ್ಲಿ ಹಿರೇಕೆರೂರು ತಾಲೂಕಿನ ರೈತರು ಕರನಿರಾಕರಣೆಗೆ ಇಳಿದರು. ಬೇಕೆಂದೇ ಬಾಕಿದಾರರಾಗುವುದೆಂದರೆ ಹೊಲಮನೆಯನ್ನು ಪಣಕ್ಕಿಟ್ಟಂತೆಯೇ ಆಗಿತ್ತು. 1943ರ ಏಪ್ರಿಲ್ 1ರಂದು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಸಂಗಡಿಗರೊಡನೆ ಹಾವೇರಿ ತಾಲೂಕಿನ ಹೊಸರಿತ್ತಿಗೆ ನುಗ್ಗಿದರು. ವಸೂಲಾದ ಕಂದಾಯವನ್ನು ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇಡಲಾಗಿತ್ತು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದಿದ್ದ ಮಹದೇವಪ್ಪ, ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅಂದು ಗುಂಡಿಗೆ ಬಲಿಯಾದರು.

ಬ್ರಿಟಿಷರು ಹೋದರೂ ವಸೂಲಿಯ ಸಾಧನ ಉಳಿಯಿತು. ಕರ್ನಾಟಕದಲ್ಲಿ 1964ರ ಭೂಕಂದಾಯ ಕಾಯಿದೆಯಲ್ಲೂ ನೋಟೀಸು, ಜಪ್ತಿ, ಲಿಲಾವು ಇವೆ. ಅಷ್ಟೇ ಅಲ್ಲ, ‘ಭೂಕಂದಾಯದ ಬಾಕಿಯಂತೆ ವಸೂಲು ಮಾಡತಕ್ಕದ್ದು’ ಎಂಬ ಮಾತು ಬೇರೆ ಕಾಯಿದೆಗಳಿಗೂ ಹಬ್ಬಿತು. 1925ರ ಮುಂಬಯಿ ಸಹಕಾರ ಕಾಯಿದೆಯಲ್ಲಿ ಇದ್ದ ಈ ದಾರಿ ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯಿದೆಗೂ ಬಂತು. ಗೃಹ ನಿರ್ಮಾಣ ಸಹಕಾರ ಸಂಘದ ಬಾಕಿಯ ತಕರಾರು ಮೊದಲು ರಿಜಿಸ್ಟ್ರಾರರ ಮುಂದೆ ಹೋಗಬೇಕು. ಅಲ್ಲಿ ತೀರ್ಮಾನವಾದ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ಪಡೆಯಬಹುದು.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಕ್ರಮ ತುಸು ಬೇರೆ. ಅದರಡಿ ತಂದ ಕಟ್ಟಡಗಳಲ್ಲಿ ಸಾಮಾನ್ಯ ಖರ್ಚಿನ ಬಾಕಿ ಆ ಮನೆಯ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಸರಕಾರ ಮತ್ತು ಪುರಸಭೆಯ ತೆರಿಗೆ, ನೋಂದಾಯಿತ ಮೊದಲ ಅಡಮಾನ ಇವಷ್ಟೇ ಅದಕ್ಕಿಂತ ಮುಂದೆ. ಮನೆ ಮಾರಾಟವಾದಾಗ ಬಾಕಿಯನ್ನು ಬಂದ ಹಣದಲ್ಲಿ ತೀರಿಸಬೇಕು. ಇಲ್ಲವೇ ಕೊಂಡವರು ಹೊರಬೇಕು.

ಸಂಘಗಳ ನೋಂದಣಿ ಕಾಯಿದೆಯಡಿ ಹೆಸರು ಬರೆಸಿಕೊಂಡ ಸಾದಾ ನಿವಾಸಿಗಳ ಸಂಘಕ್ಕೆ ಇಷ್ಟು ಬಲವಿಲ್ಲ. ಅದು ದಾವೆ ಹೂಡಿ ಕೋರ್ಟಿನ ಡಿಕ್ರಿಗಾಗಿ ಕಾಯಬೇಕು. ಆದ್ದರಿಂದ ಬಾಕಿಯ ಜಗಳಕ್ಕೆ ಮೊದಲು ನೋಡಬೇಕಾದದ್ದು ಸಂಘ ಯಾವ ಕಾಯಿದೆಯಡಿ ನೋಂದಾಯಿತವಾಗಿದೆ ಎಂಬುದನ್ನು.

ಒಂದು ವ್ಯತ್ಯಾಸ ಮಾತ್ರ ಮರೆಯುವಂಥದ್ದಲ್ಲ. ಅಂದು ಕಂದಾಯ ಕಟ್ಟಿದ ರೈತನಿಗೆ ಆ ಹಣ ಎಲ್ಲಿ ಹೋಯಿತೆಂದು ಮಾಮಲೇದಾರರನ್ನು ಕೇಳುವ ಹಕ್ಕಿರಲಿಲ್ಲ. ಇಂದು ವಂತಿಗೆ ಕೊಡುವ ಸದಸ್ಯ ಸಂಘದ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು, ಪದಾಧಿಕಾರಿಗಳನ್ನು ಬದಲಿಸಬಹುದು. ಬಾಕಿ ಕೇಳಲು ಹೊರಡುವ ಸಂಘದ ಕೈಯಲ್ಲಿ ನೋಟೀಸಿನ ಜೊತೆಗೆ ಆ ಲೆಕ್ಕದ ಪುಸ್ತಕವೂ ಇರಬೇಕು.