ಬಾಸೆಲ್ ಪಾದ್ರಿಗಳ ಕುಟುಂಬಗಳು: ಅವರ ಬರವೂ ಮರಳುವಿಕೆಯೂ

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುವ ಈ ಸಂಪುಟದಲ್ಲಿ ಪರಮತದ ಪಾದ್ರಿಗಳ ಸಂಸಾರದ ವೃತ್ತಾಂತಕ್ಕೆ ಸ್ಥಳವೇಕೆಂದು ಕೆಲವು ಭಕ್ತರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ ಸರಿ. ಆದರೆ ಬಸವಪುರಾಣವನ್ನೂ ಚನ್ನಬಸವಪುರಾಣವನ್ನೂ ಮೊಟ್ಟಮೊದಲು ಅಚ್ಚಿನಲ್ಲಿ ತಂದವರು ಯಾರು, ಆ ಪುರಾಣಗಳ ಮಾತುಗಳನ್ನು ಒಂದೊಂದಾಗಿ ಆಯ್ದು ಕೋಶದಲ್ಲಿಟ್ಟವರು ಯಾರು ಎಂದು ವಿಚಾರಿಸುತ್ತ ಹೋದರೆ, ಕಡಲಾಚೆಯಿಂದ ಬಂದ ಕೆಲವು ಮನೆತನಗಳ ಬಾಗಿಲಿಗೆ ನಾವು ತಲುಪುತ್ತೇವೆ. ಉಂಡ ಮನೆಯನ್ನು ನೆನೆಯುವುದು ನಮ್ಮ ದಾಸೋಹಧರ್ಮಕ್ಕೆ ಒಪ್ಪುವ ಮಾತಾದುದರಿಂದ ಈ ಅಲ್ಪ ಲೇಖನವನ್ನು ವಾಚಕರ ಮುಂದಿಡಲು ಧೈರ್ಯಪಟ್ಟಿದ್ದೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಮ್ಮ ನಾಲ್ಕು ತಾಲೂಕುಗಳು ನಿಜಾಮರ ರಾಜ್ಯಕ್ಕೆ ಸೇರಿ ‘ಮೊಗಲಾಯಿ’ ಎನ್ನಿಸಿಕೊಂಡಿದ್ದವು. ಅವುಗಳಲ್ಲಿ ಕೊಪ್ಪಳವೂ ಯಲಬುರ್ಗಾವೂ ಸಾಲಾರಜಂಗರ ಜಹಗೀರಿನಲ್ಲಿದ್ದವು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಸೀಮೆಯು ಕನ್ನಡನಾಡಿನೊಡನೆ ಒಂದಾಗಿ, 1997ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ಈ ಸೀಮೆಯ ಸುತ್ತಲೂ ಕುಂಪಣಿ ಸರಕಾರದ ನೆಲವಿದ್ದು, ಅಲ್ಲಿ ಪಾದ್ರಿಗಳ ನೆಲೆಗಳು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಹುಟ್ಟಿದ್ದವು. ಮೂಡಲಿಗೆ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ನೆಲಸಿದರು. ಪಡುವಲಿಗೆ ಗದಗಿನ ಹತ್ತಿರದ ಬೆಟಗೇರಿಯಲ್ಲಿ 1841ರಲ್ಲಿಯೂ, ಕುಷ್ಟಗಿಯ ಆಚೆಗಿರುವ ಗುಳೇದಗುಡ್ಡದಲ್ಲಿ 1851ರಲ್ಲಿಯೂ ಬಾಸೆಲ್ ಮಿಶನ್ನಿನವರು ನೆಲೆಯೂರಿದರು.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡ್ ದೇಶದ, ರೈನ್ ನದಿಯ ದಂಡೆಯ ಮೇಲಿನ ಒಂದು ಪಟ್ಟಣ. ಅಲ್ಲಿ 1815ರಲ್ಲಿ ಈ ಸಂಸ್ಥೆಯು ಸ್ಥಾಪಿತವಾಯಿತು. ಇದರ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಇಂಗ್ಲೆಂಡಿನವರಲ್ಲದ ಮಿಶನ್ನುಗಳಿಗೂ ಇಂಡಿಯಾದಲ್ಲಿ ಕೆಲಸಮಾಡಲು 1833ರ ಕಾಯದೆಯಿಂದ ಅನುಕೂಲವಾಗಲು, 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟವನ್ನೇರಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಬಳಿಕ ಬೆಟಗೇರಿ ಎಂದು ಅವರ ನೆಲೆಗಳು ಒಂದರಿಂದೊಂದು ಬೆಳೆದುವು.

ಬೆಟಗೇರಿಯ ಬಳಿಯ ಮಲಸಮುದ್ರದ ಸಂಗತಿಯು ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಪಟ್ಟುದು. ಕಾಲಜ್ಞಾನದ ಮಾತುಗಳಲ್ಲಿ ನಂಬಿಕೆಯಿಟ್ಟಿದ್ದ ಒಂದು ಪಂಥದವರು ಹುಬ್ಬಳ್ಳಿಯ ಪಾದ್ರಿಗಳೊಡನೆ ಮಾತುಕತೆ ನಡೆಯಿಸಿದರು. ಆ ಪಂಥದವರು ಗುಂಪುಗುಂಪಾಗಿ ತಮ್ಮ ಮತಕ್ಕೆ ಬರುವರೆಂದು ಪಾದ್ರಿಗಳು ಹಿಗ್ಗಿದರು. ಬಂದವರಿಗೆ ಒಕ್ಕಲುತನಕ್ಕೆ ನೆಲ ಬೇಕೆಂದು 1841ರಲ್ಲಿ ಮಲಸಮುದ್ರದಲ್ಲಿ ಒಂದು ಒಕ್ಕಲಿನ ನೆಲೆಯನ್ನು ಹೂಡಿದರು. ಆದರೆ ನಿರೀಕ್ಷಿಸಿದ ಜನರು ಬರಲಿಲ್ಲ. ಹೊಲವಿತ್ತು, ಒಕ್ಕಲಿರಲಿಲ್ಲ. ಸಾವಿರಾರು ಹರದಾರಿ ಕಡಲು ದಾಟಿ ಬಂದವರ ಆಶೆಯು ಹೀಗೆ ಎರೆಯ ನೆಲದಲ್ಲಿ ಬಾಡಿದುದನ್ನು ನೋಡಿ ನಾವು ಗೆದ್ದೆವೆಂದು ಹಿಗ್ಗಬೇಕಾದ ಕಾರಣವಿಲ್ಲ. ಜನರ ಶ್ರದ್ಧೆಯು ಹೊರಗಿನವರ ಲೆಕ್ಕಕ್ಕೆ ಸುಲಭವಾಗಿ ಸಿಕ್ಕುವ ವಸ್ತುವಲ್ಲವೆಂಬ ಪಾಠವನ್ನು ಮಾತ್ರ ಕಲಿಯತಕ್ಕದ್ದು.

ಇನ್ನು ಈ ಪಾದ್ರಿಗಳ ಗೃಹಜೀವನವನ್ನು ನೋಡುವಾ. ಅವರು ನಮ್ಮ ವಿರಕ್ತಸ್ವಾಮಿಗಳಂತೆ ಸಂನ್ಯಾಸಿಗಳಲ್ಲ, ಸಂಸಾರಿಗಳು. ಆದರೆ ಆ ಸಂಸಾರದ ಕೀಲಿಕೈಯು ಅವರ ಕೈಯಲ್ಲಿರಲಿಲ್ಲ. ಮದುವೆಯಾಗಬೇಕಾದರೆ ಬಾಸೆಲಿನ ಕಮಿಟಿಯ ಅಪ್ಪಣೆ ಬೇಕು. ಹೊಸದಾಗಿ ಬಂದವನು ಮೊದಲ ಕೆಲವು ವರ್ಷ ಒಂಟಿಯಾಗಿಯೇ ಇದ್ದು ಭಾಷೆಯನ್ನು ಕಲಿಯಬೇಕು. ಆಮೇಲೆ ಒಪ್ಪಿಗೆಯಾದರೆ ವಧುವು ಹಡಗು ಹತ್ತಿ ಬರುವಳು. ಎಷ್ಟೋ ಕನ್ಯೆಯರು ತಾವು ವರಿಸುವ ಗಂಡನ ಮುಖವನ್ನು ಸರಿಯಾಗಿ ಅರಿಯದೆಯೇ ಹೀಗೆ ಹೊರಟುಬಂದರು.

ಮಕ್ಕಳ ವಿಷಯವು ಇನ್ನೂ ಕಠಿನವಾದುದು. ಇಲ್ಲಿಯ ಬಿಸಿಲು, ವಾಂತಿಭೇದಿ, ಜ್ವರಗಳಿಗೆ ಅಂಜಿ, ಮತ್ತು ತಮ್ಮ ದೇಶದ ವಿದ್ಯೆಯೂ ನಡವಳಿಕೆಯೂ ದೊರೆಯಲೆಂದು, ಶಾಲೆಗೆ ಹೋಗುವ ವಯಸ್ಸು ಬಂದೊಡನೆ ಮಕ್ಕಳನ್ನು ಯುರೋಪಿಗೆ ಕಳುಹಿಸಿಬಿಡುವ ಪದ್ಧತಿಯು ಏರ್ಪಟ್ಟಿತು. ಅವರಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದು ತೆರೆಯಲ್ಪಟ್ಟಿತು. ಆಯಾಳ ತೊಡೆಯ ಮೇಲೆ ಕನ್ನಡವನ್ನೋ ತುಳುವನ್ನೋ ಆಡುತ್ತ ಬೆಳೆದ ಆರೇಳು ವರ್ಷದ ಕೂಸು, ಸ್ವದೇಶಕ್ಕೆ ಹೊರಟ ಬೇರೊಬ್ಬ ಪಾದ್ರಿಯ ಕುಟುಂಬದ ವಶಕ್ಕೆ ಒಪ್ಪಿಸಲ್ಪಟ್ಟು ಕಡಲು ದಾಟಿಹೋಗುವುದು. ಮುಂದೆ ತಾಯಿಮಕ್ಕಳು ಒಬ್ಬರನ್ನೊಬ್ಬರು ನೋಡುವುದು ಎಷ್ಟೋ ವರ್ಷಗಳ ಮೇಲೆ. ಕೆಲವರ ಪಾಲಿಗೆ ಎಂದಿಗೂ ಇಲ್ಲ. ನಮ್ಮಲ್ಲಿಯೂ ಮಠಕ್ಕೆ ಮರಿಯನ್ನು ಒಪ್ಪಿಸುವ ತಾಯಿತಂದೆಗಳುಂಟು. ಆ ದಿನದ ಅವರ ಕಣ್ಣೀರನ್ನು ಕಂಡವರಿಗೆ ಮಂಗಳೂರಿನ ಬಂದರದಲ್ಲಿ ನಿಂತ ಆ ತಾಯಂದಿರ ಎದೆಯ ಭಾರವನ್ನು ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಒಂದು ಭೇದವುಂಟು. ನಮ್ಮ ತಾಯಿಯು ಜಾತ್ರೆಗೆ ಬಂದಾಗ ಮಗನನ್ನು ದೂರದಿಂದಾದರೂ ನೋಡುವಳು. ಅವರಿಗೆ ಕಾಗದವೊಂದೇ ಗತಿ.

ಹರ್ಮನ್ ಮೋಗ್ಲಿಂಗ್ ಎಂಬವರು 1811ರಲ್ಲಿ ವುರ್ಟೆಂಬರ್ಗಿನಲ್ಲಿ ಹುಟ್ಟಿ, 1836ರಲ್ಲಿ ಮಂಗಳೂರಿಗೆ ಬಂದರು. 1843ನೆಯ ಜುಲೈ 1ರಂದು ಅವರು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು. ಅದೇ ಕನ್ನಡದ ಮೊದಲನೆಯ ವರ್ತಮಾನಪತ್ರಿಕೆ. ಮುಂದಿನ ವರ್ಷ ಆ ಪತ್ರಿಕೆಯ ಅಚ್ಚಿನ ಕೆಲಸವು ನಮ್ಮ ನೆರೆಯ ಬಳ್ಳಾರಿಗೆ ಸಾಗಿತು. ಬಳಿಕ ಅವರು ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ದ್ರವ್ಯಸಹಾಯದಿಂದ, ಹಳೆಯ ಓಲೆಗರಿ ಕಡತಗಳನ್ನು ಸಂಗ್ರಹಿಸಿ, 1848ರಿಂದ 1853ರ ವರೆಗೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಪ್ರಕಟಿಸಿದರು. ಜೈಮಿನಿಭಾರತ, ದಾಸರ ಪದಗಳೊಡನೆ, 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣವೂ, 1584ರಲ್ಲಿ ವಿರೂಪಾಕ್ಷಪಂಡಿತನು ರಚಿಸಿದ ಚನ್ನಬಸವಪುರಾಣವೂ ಅದರಲ್ಲಿ ಸೇರಿದುವು. ಓಲೆಗರಿಯಲ್ಲಿಯೂ ಪುರಾಣಿಕರ ಬಾಯಲ್ಲಿಯೂ ಇದ್ದ ಗ್ರಂಥವು ಹೀಗೆ ಅಚ್ಚಿನ ಕಲ್ಲಿಗೆ ಬಂದಿತು. ಇದೇ ಮಿಶನ್ನಿನ ವೂರ್ತ್ ಎಂಬವರು 1860ರ ದಶಕದಲ್ಲಿ ಈ ಎರಡು ಪುರಾಣಗಳ ಕಥಾಸಾರವನ್ನು ಇಂಗ್ಲಿಷಿನಲ್ಲಿ ಬರೆದು ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು.

ಮೋಗ್ಲಿಂಗರು ಬಹುಕಾಲ ಒಂಟಿಯಾಗಿಯೇ ಇದ್ದರು. ಅವರ ಬಂಧುವೂ ಜೊತೆಗಾರರೂ ಆಗಿದ್ದ ವೈಗಲ್ ಎಂಬ ಪಾದ್ರಿಗಳು 1855ರಲ್ಲಿ ತೀರಿಕೊಂಡರು. ಅವರ ವಿಧವೆಯಾದ ಪೌಲೀನಾ ಎಂಬ ಸಾಧ್ವಿಯನ್ನು ಮೋಗ್ಲಿಂಗರು 1856ರಲ್ಲಿ ಕೈಹಿಡಿದು, ತಂದೆಯಿಲ್ಲದ ಆ ಮಕ್ಕಳಿಗೆ ತಂದೆಯಾದರು. ಆ ಕಾಲದಲ್ಲಿ ಅವರ ಕಾರ್ಯಕ್ಷೇತ್ರವು ಕೊಡಗು. ಆದರೆ ಪತ್ನಿಯ ದೇಹಸ್ಥಿತಿಯು ಕೆಟ್ಟುದರಿಂದ 1860ರಲ್ಲಿ ಅವರು ಸ್ವದೇಶಕ್ಕೆ ಹೊರಡಬೇಕಾಯಿತು. ಇಪ್ಪತ್ತನಾಲ್ಕು ವರ್ಷ ದುಡಿದ ನಾಡನ್ನು ಅವರು ಮತ್ತೆ ನೋಡಲಿಲ್ಲ. 1881ರಲ್ಲಿ ಜರ್ಮನಿಯಲ್ಲಿಯೇ ಅವರ ದೇಹಾಂತವಾಯಿತು.

ಇಂಥ ಹೊರಡುವಿಕೆಯೆಂದರೆ ಅಂದಿಗೆ ಸಣ್ಣ ಮಾತಲ್ಲ. ಮೊದಲು ಕಮಿಟಿಗೆ ಬರೆದು ಅಪ್ಪಣೆ ಪಡೆಯಬೇಕು. ಕಾಗದ ಹೋಗಿ ಉತ್ತರ ಬರುವುದಕ್ಕೆ ತಿಂಗಳುಗಳು. ಬಳಿಕ ಶಾಲೆ, ಸಭೆ, ಲೆಕ್ಕಪತ್ರಗಳನ್ನು ಮುಂದಿನವರಿಗೆ ಒಪ್ಪಿಸಬೇಕು. ಘಟ್ಟದ ಮೇಲಿನವರಾದರೆ ಚಕ್ಕಡಿಯಲ್ಲಿ ಕರಾವಳಿಗೆ ಇಳಿಯಬೇಕು. ಮುಂಗಾರು ಹಿಡಿದರೆ ಬಂದರಗಳೇ ಮುಚ್ಚುವುವು. 1869ರಲ್ಲಿ ಸುಯೇಜ್ ಕಾಲುವೆಯು ತೆರೆಯುವುದಕ್ಕೆ ಮುಂಚೆ ಆಫ್ರಿಕಾ ಖಂಡವನ್ನು ಬಳಸಿ ಹಾಯಿಹಡಗಿನಲ್ಲಿ ಹೋದರೆ ನಾಲ್ಕೈದು ತಿಂಗಳು ಕಡಲಿನಲ್ಲಿಯೇ ಕಳೆಯುವುವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗಿಗೆ ಬಂದ ಮೇಲೆ ಬೆಟಗೇರಿಯವರ ದಾರಿಯು ಕೊಂಚ ಸುಗಮವಾಯಿತು. ಒಯ್ಯುವ ಪೆಟ್ಟಿಗೆಯಲ್ಲಿ ಬಟ್ಟೆಬರೆಗಿಂತ ಬರೆದ ಕಾಗದಗಳೇ ಹೆಚ್ಚು. ಆದರೆ ಪೆಟ್ಟಿಗೆಗೆ ಹಿಡಿಸದ ವಸ್ತುಗಳೂ ಇದ್ದುವು. ಈ ನೆಲದಲ್ಲಿ ಮಣ್ಣುಗೊಟ್ಟ ಗಂಡನ, ಹೆಂಡತಿಯ, ಹಸುಗೂಸುಗಳ ಸಮಾಧಿಗಳನ್ನು ಯಾರು ಹೊತ್ತುಕೊಂಡು ಹೋಗಬಲ್ಲರು?

ಫರ್ಡಿನಂಡ್ ಕಿಟ್ಟೆಲರ ಚರಿತ್ರೆಯಲ್ಲಿ ಇದೆಲ್ಲವೂ ಒಟ್ಟಾಗಿ ಕಾಣುತ್ತದೆ. 1832ರಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದು, ಧಾರವಾಡ, ಹುಬ್ಬಳ್ಳಿಗಳಲ್ಲಿ ಅವರು ಕನ್ನಡವನ್ನು ಕಲಿತರು. 1860ರಲ್ಲಿ ಪೌಲೀನಾ ಎಯ್ತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಆಕೆಯು ತೀರಿಕೊಂಡರು. 1867ರಲ್ಲಿ ಜರ್ಮನಿಗೆ ಹೋಗಿ ಆಕೆಯ ತಂಗಿಯಾದ ಜೂಲಿಯವರನ್ನು ವಿವಾಹವಾಗಿ ಮತ್ತೆ ಬಂದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಶೋಧಿಸಿ ಅಚ್ಚುಹಾಕಿಸಿದರು. 1876ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ನಿಬಂಧವನ್ನು ಬರೆದರು. ದೇಹಾಲಸ್ಯದಿಂದ 1877ರಲ್ಲಿ ಸಂಸಾರಸಮೇತ ಸ್ವದೇಶಕ್ಕೆ ಮರಳಿದರು. ಅಷ್ಟರಲ್ಲಿಯೇ ವಿಶ್ರಾಂತಿ ಪಡೆದಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಕೈಗೆತ್ತಿಕೊಂಡ ನಿಘಂಟು ಮುಗಿದಿರಲಿಲ್ಲ. ಆದುದರಿಂದ 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿಮಕ್ಕಳನ್ನು ಅಲ್ಲಿಯೇ ಬಿಟ್ಟು, ಅವರು ಮೂರನೆಯ ಸಾರೆ ಇಂಡಿಯಾಕ್ಕೆ ಬಂದು, 1892ರ ವರೆಗೆ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳು. ಒಂದೊಂದು ಶಬ್ದದ ಕೆಳಗೆ ಅದು ಬಂದ ಗ್ರಂಥದ ಗುರುತು. ಆ ಗುರುತುಗಳಲ್ಲಿ ಬಸವಪುರಾಣವೂ ಒಂದು. ನಮ್ಮ ಜನರ ಗಾದೆಗಳೂ ಅಲ್ಲಿ ಹೇರಳವಾಗಿವೆ. 1903ರಲ್ಲಿ ಟ್ಯೂಬಿಂಗನ್ ಪಟ್ಟಣದಲ್ಲಿ ಅವರು ಕಾಲವಾದರು.

ಮಲೆಯಾಳದ ನಿಘಂಟನ್ನು ಬರೆದ ಗುಂಡರ್ಟರ ಮನೆಯ ಸಂಗತಿಯೂ ಇಂಥದೇ. ಅವರ ಮಗಳಾದ ಮರಿಯಾ 1842ರಲ್ಲಿ ತಲಚೇರಿಯ ಬಳಿಯಲ್ಲಿ ಹುಟ್ಟಿ, ಎಳೆತನದಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟು, 1857ರಲ್ಲಿ ಪ್ರಾಯದ ಹುಡುಗಿಯಾಗಿ ತಾಯಿತಂದೆಗಳ ಬಳಿಗೆ ಬಂದಳು. ಮಂಗಳೂರಿನಲ್ಲಿ ಕೆಲಸಮಾಡಿ 1873ರಲ್ಲಿ ಅಸ್ವಸ್ಥರಾಗಿ ಮರಳಿದ ಯೋಹಾನಸ್ ಹೆಸ್ಸೆ ಎಂಬವರೊಡನೆ ಆಕೆಯ ಎರಡನೆಯ ವಿವಾಹವಾಯಿತು. ಅವರ ಮಗನೇ ಜಗತ್ಪ್ರಸಿದ್ಧ ಕಾದಂಬರಿಕಾರನಾದ ಹರ್ಮನ್ ಹೆಸ್ಸೆ. ಬುದ್ಧನ ಕಾಲದ ಭರತಖಂಡವನ್ನು ಕುರಿತು ಆತನು ‘ಸಿದ್ಧಾರ್ಥ’ವನ್ನು 1922ರಲ್ಲಿ ಪ್ರಕಟಿಸಿದನು. ತಾಯಿತಂದೆಗಳು ನಮಗೆ ತಮ್ಮ ಧರ್ಮವನ್ನು ಕಲಿಸಲು ಬಂದರು. ಮಗನು ನಮ್ಮ ನೆಲದ ಜ್ಞಾನವನ್ನು ತನ್ನವರಿಗೆ ಹೇಳಿದನು!

ಮರಳುವಿಕೆಯು ಎಲ್ಲರಿಗೂ ತಮ್ಮ ಇಚ್ಛೆಯಿಂದ ಒದಗಲಿಲ್ಲ. 1914ರಲ್ಲಿ ಮಹಾಯುದ್ಧವು ಆರಂಭವಾಗಲು, ಜರ್ಮನ್ ಪ್ರಜೆಗಳಾದ ಪಾದ್ರಿಗಳು ಶತ್ರುಗಳೆಂದು ಎಣಿಸಲ್ಪಟ್ಟರು. ಗಂಡಸರನೇಕರು ಅಹಮದನಗರದ ಶಿಬಿರದಲ್ಲಿ ಇಡಲ್ಪಟ್ಟರು. 1915–16ರಲ್ಲಿ ‘ಗೋಲ್ಕೊಂಡಾ’ ಎಂಬ ಹಡಗಿನಲ್ಲಿ ಇಂಥ ಕುಟುಂಬಗಳನ್ನು ಸ್ವದೇಶಕ್ಕೆ ಸಾಗಿಸಲಾಯಿತು. ಎಷ್ಟೋ ಮನೆಗಳಲ್ಲಿ ಸಿದ್ಧತೆಗೆ ತಿಂಗಳುಗಳಿರಲಿ, ದಿನಗಳೂ ಸಾಲಲಿಲ್ಲ. ಆದರೆ ಅವರು ನಿಲ್ಲಿಸಿದ ಬೆಟಗೇರಿಯ ಆಸ್ಪತ್ರೆಯನ್ನು ಜನರು ‘ಜರ್ಮನ್ ದವಾಖಾನೆ’ಯೆಂದು ಕರೆಯುವುದನ್ನು ಬಿಡಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಅವರ ದೋಷಗಳನ್ನು ಮರೆಮಾಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ನಮ್ಮ ದೇವರನ್ನೂ ನಮ್ಮ ಆಚಾರಗಳನ್ನೂ ಅವರು ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಹಳಿದುದುಂಟು. ನಮ್ಮ ಪುರಾಣಗಳನ್ನು ಅಚ್ಚುಹಾಕಿಸಿದುದರಲ್ಲಿ ಭಾಷೆಯ ಪ್ರೀತಿಯೊಡನೆ, ನಮ್ಮನ್ನು ಅರಿತು ಗೆಲ್ಲಬೇಕೆಂಬ ಉದ್ದೇಶವೂ ಇದ್ದಿತು. 1858ನೆಯ ಜೂನ್ 1ರಂದು ಮುಂಡರಗಿ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಇಂಗ್ಲಿಷರೊಡನೆ ಹೋರಾಡಿ ಮಡಿದಾಗ, ನಮ್ಮ ಜನರ ಕಣ್ಣಿಗೆ ದೊರೆಯೂ ಪಾದ್ರಿಯೂ ಒಂದೇ ಬಿಳಿಯ ಬಣ್ಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಲ್ಲದೆ, ಪುರಾಣಗಳನ್ನು ಅಚ್ಚುಮಾಡಿದ ಅವರ ಗ್ರಂಥಮಾಲೆಯಲ್ಲಿ ವಚನಗಳಿಗೆ ಸ್ಥಾನ ದೊರೆಯಲಿಲ್ಲ. ಆ ನಿಧಿಯನ್ನು ಮನೆಮನೆಯ ಜಗಲಿಯಿಂದ ಆರಿಸಿ ತಂದವರು ನಮ್ಮವರೇ ಆದ ಫ. ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ವು 1923ರಲ್ಲಿ ಬೆಳಕು ಕಂಡಿತು.

ಆದರೂ ಒಂದು ಮಾತನ್ನು ನಮ್ಮ ತರುಣರು ಮನಸ್ಸಿನಲ್ಲಿಡಬೇಕು. ಬಸವಪುರಾಣದ ಓಲೆಗಳು ನಮ್ಮ ಮನೆಗಳಲ್ಲಿಯೇ ಇದ್ದುವು. ಗೆದ್ದಲು ಹಿಡಿದುದು ನಮ್ಮ ಅಟ್ಟಗಳಲ್ಲಿಯೇ. ಪರದೇಶದವನೊಬ್ಬನು ಹೆಂಡತಿಮಕ್ಕಳನ್ನು ಅಗಲಿ ಒಂಬತ್ತು ವರ್ಷ ನಮ್ಮ ಶಬ್ದಗಳನ್ನು ಎಣಿಸುತ್ತ ಕುಳಿತನು. ಅವನು ಬಂದ ಉದ್ದೇಶವು ಬಹುಮಟ್ಟಿಗೆ ಕೈಗೂಡಲಿಲ್ಲ. ಅವನು ಮಾಡಿದ ಕಾಯಕವು ಮಾತ್ರ ಉಳಿಯಿತು. ಶ್ರೀಮಠದ ಭಂಡಾರದಲ್ಲಿಯೂ ಭಕ್ತರ ಮನೆಗಳಲ್ಲಿಯೂ ಇನ್ನೂ ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳಿದ್ದರೆ, ಅವುಗಳನ್ನು ಪೂಜಿಸುವುದರೊಡನೆ ಬಿಚ್ಚಿ ಓದಿ, ಪ್ರತಿಮಾಡಿ ಉಳಿಸುವುದು ಈ ಮಹೋತ್ಸವದ ಸಂಕಲ್ಪವಾಗಲಿ. ಪರರ ಶ್ರಮವನ್ನು ಹೊಗಳುವುದು ಸುಲಭ. ಆ ಶ್ರಮದ ಋಣವನ್ನು ನಮ್ಮ ಶ್ರಮದಿಂದಲೇ ತೀರಿಸಬೇಕು. ಶ್ರೀಗುರುವಿನ ಕೃಪೆಯಿಂದ ನಮಗೆ ಆ ಬುದ್ಧಿಯೂ ಆ ಬಲವೂ ಉಂಟಾಗಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.