ಊದ್ ವಾದ್ಯವೂ ಅದನ್ನು ಮಾಡಿದವರೂ

ಊದ್ ಎಂಬ ಹೆಸರನ್ನು ಕೇಳಿದೊಡನೆ ಕನ್ನಡಿಗರ ಕಿವಿಗೆ ಅದಾವುದೋ ಊದುವ ವಾದ್ಯವೆಂದು ತೋರಬಹುದು. ಅದು ಅರಬ್ಬರ ತಂತಿವಾದ್ಯ. ಅವರ ಭಾಷೆಯಲ್ಲಿ ಆ ಶಬ್ದಕ್ಕೆ ಮರವೆಂದರ್ಥ. ‘ಅಲ್-ಊದ್’ ಎಂಬುದೇ ಐರೋಪ್ಯರ ಬಾಯಲ್ಲಿ ‘ಲ್ಯೂಟ್’ ಆಯಿತು. ಸೀಳಿದ ಬೇರಿಕಾಯಿಯಂಥ ಒಡಲು, ಮೋಟು ಕೊರಳು, ಹಿಂದಕ್ಕೆ ಮುರಿದಂತಿರುವ ತಲೆ. ನಮ್ಮ ವೀಣೆಗಿರುವ ಮೆಟ್ಟುಗಳು ಇಂದಿನ ಊದಿಗಿಲ್ಲ.

ಇದರ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನುಡಿಸಿದವರನ್ನೇ ಕೊಂಡಾಡಿರುವರು. ಆದರೆ ಅವರಲ್ಲಿ ಅಗ್ರಗಣ್ಯನಾದ ಜಿರ್ಯಾಬನ ಕಥೆಯನ್ನೇ ನೋಡಿರಿ. ಬಾಗ್ದಾದಿನಲ್ಲಿ ಹರೂನ್-ಅಲ್-ರಷೀದ್ ಖಲೀಫನ ಮುಂದೆ ಹಾಡಲು ನಿಂತಾಗ ಆತನು ತನ್ನ ಗುರುವಿನ ಊದನ್ನು ಮುಟ್ಟಲೊಪ್ಪದೆ, ತಾನೇ ಮಾಡಿಕೊಂಡುದನ್ನು ತರಿಸಿದನಂತೆ. ಎರಡೂ ನೋಟಕ್ಕೆ ಒಂದೇ. ಆದರೆ ತನ್ನದು ಸುಮಾರು ಮೂರನೆಯ ಒಂದು ಪಾಲು ಹಗುರ, ಕೆಲವು ತಂತಿಗಳು ರೇಷ್ಮೆಯವು, ಕೆಲವು ಸಿಂಹದ ಮರಿಯ ಕರುಳಿನವು ಎಂದು ವಿವರಿಸಿದನಂತೆ. 822ರಲ್ಲಿ ಆತನು ಸ್ಪೇನಿನ ಕಾರ್ಡೋವ ನಗರವನ್ನು ಸೇರಿದನು. ಐದನೆಯ ತಂತಿಯನ್ನು ಕೂಡಿಸಿದುದೂ, ಮರದ ಮೀಟುಗಡ್ಡಿಗೆ ಬದಲಾಗಿ ಹದ್ದಿನ ಗರಿಯನ್ನು ಬಳಸಿದುದೂ ಆತನ ಹೆಸರಿನಲ್ಲಿವೆ. ಇದನ್ನೆಲ್ಲ ನಮಗೆ ಹೇಳುವ ಅಲ್-ಮಕ್ಕರಿಯು 17ನೆಯ ಶತಮಾನದವನು. ಆದುದರಿಂದ ಅಕ್ಷರಶಃ ನಂಬಬೇಕಾದುದಿಲ್ಲ. ಆದರೂ ಬಡಗಿಯ ಕೈಯೂ ವಾದಕನ ಕೈಯೂ ಒಂದೇ ಆಗಿದ್ದ ಕಾಲದ ನೆನಪು ಇದರಲ್ಲಿ ಉಳಿದಿದೆಯೆಂದು ನನಗೆ ತೋರುತ್ತದೆ.

ಮುಂದೆ ಇವೆರಡೂ ಬೇರೆಯಾದುವು. ತೆಳುವಾದ ಮರದ ಪಟ್ಟಿಗಳನ್ನು ಕಾಯಿಸಿ ಬಾಗಿಸಿ, ಅಚ್ಚಿನ ಮೇಲೆ ಒಂದಕ್ಕೊಂದು ಅಂಟಿಸಿ ಒಡಲನ್ನು ಕಟ್ಟುವ ಕೆಲಸಕ್ಕೆ ಒಂದು ಆಯುಷ್ಯವೇ ಬೇಕು. ದಮಾಸ್ಕಸ್ಸಿನಲ್ಲಿ ನಹಾತ್ ಮನೆತನದವರು ತಲೆಮಾರುಗಳ ಕಾಲ ಇದನ್ನೇ ಮಾಡಿದರು. ಇಸ್ತಾಂಬುಲಿನಲ್ಲಿ ಮಾನೋಲ್ (1845–1915) ಎಂಬ ಗ್ರೀಕನು ಮಾಡಿದ ಊದುಗಳನ್ನು ವಾದಕರು ಇಂದಿಗೂ ಅರಸುತ್ತಾರೆ. ಇಂಥವರ ಹೆಸರು ವಾದ್ಯದೊಳಗೆ ಅಂಟಿಸಿದ ಕಾಗದದ ಚೂರಿನಲ್ಲಿರುತ್ತದೆ. ನಾದರಂಧ್ರದಲ್ಲಿ ಇಣುಕಿದವರಿಗೆ ಮಾತ್ರ ಕಾಣುವುದು.

ಕಳೆದ ಶತಮಾನದಲ್ಲಿ ಬಾಗ್ದಾದ್ ಮತ್ತೆ ಊದಿನ ನೆಲೆಯಾಯಿತು. ಇಸ್ತಾಂಬುಲಿನಿಂದ ಬಂದ ಷರೀಫ್ ಮುಹಿದ್ದೀನನು (1892–1967) ಅಲ್ಲಿ ಕಲಿಸಿದನು. ಹಾಡಿನ ಹಂಗಿಲ್ಲದೆ ಊದೊಂದನ್ನೇ ಕೇಳಿಸುವ ಪದ್ಧತಿ ಆತನ ಶಿಷ್ಯರಿಂದ ಬೆಳೆಯಿತು. ಆ ಶಿಷ್ಯರಲ್ಲಿ ಮುನೀರ್ ಬಷೀರನ (1930–1997) ಕೀರ್ತಿ ಯೂರೋಪನ್ನೂ ಮುಟ್ಟಿತು. ಆತನಿಗಾಗಿ ಮುಹಮ್ಮದ್ ಫಾದಿಲನು ಊದಿನ ಕಟ್ಟನ್ನೇ ಬದಲಿಸಿದನು: ತಂತಿಗಳನ್ನು ಮೇಲ್ಹಲಗೆಗೆ ಅಂಟಿದ ಕುದುರೆಗೆ ಕಟ್ಟದೆ, ಸರಿಸಬಲ್ಲ ಕುದುರೆಯ ಮೇಲೆ ಹಾಯಿಸಿ ಒಡಲಿನ ತುದಿಗೆ ಬಿಗಿದನು. ಕಛೇರಿಗೆ ಬಂದವರಲ್ಲಿ ಫಾದಿಲನ ಹೆಸರನ್ನು ಕೇಳಿದ್ದವರೆಷ್ಟು ಮಂದಿಯೋ!

2022ರಲ್ಲಿ ಇರಾನ್ ಮತ್ತು ಸಿರಿಯ ದೇಶಗಳ ಕೋರಿಕೆಯಂತೆ ಯುನೆಸ್ಕೋ ಸಂಸ್ಥೆಯು ಊದ್ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಶೀರ್ಷಿಕೆಯಲ್ಲಿ ತಯಾರಿಕೆ ಮೊದಲು, ವಾದನ ಆಮೇಲೆ.