ಇಳಿಜಾರಿನ ಹಳಿ, ನೆಲದ ಬ್ರೇಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಹಬ್ಬಿರುವ ಮಲೆನಾಡಿನ ಭಾಗದಲ್ಲಿ ಇಂದು ರೈಲು ಹಳಿ ಇಲ್ಲ. ಋಷ್ಯಶೃಂಗೇಶ್ವರನ ದೇವಾಲಯದಿಂದ ಹೆಸರಾದ ಕಿಗ್ಗದ ಬೆನ್ನಿಗೆ ನರಸಿಂಹ ಪರ್ವತ ನಿಂತಿದೆ. ಅದರಾಚೆ ಆಗುಂಬೆಯ ಅಂಚಿನಲ್ಲಿ ಘಟ್ಟವು ಕರಾವಳಿಯತ್ತ ಕಡಿದಾಗಿ ಇಳಿಯುತ್ತದೆ. ಮಳೆಗಾಲದುದ್ದಕ್ಕೂ ಗುಡ್ಡ ಜರಿಯುವ ಈ ನೆಲದಲ್ಲಿ ಹಳಿ ಹಾಸುವುದು ಯಾವ ಕಾಲಕ್ಕೂ ಸುಲಭವಾಗಿರಲಿಲ್ಲ. ಆದರೂ ರೈಲಿನ ಚರಿತ್ರೆ ಈ ಸೀಮೆಯನ್ನು ಪೂರ್ತಿಯಾಗಿ ಬಿಟ್ಟು ಹೋಗಿರಲಿಲ್ಲ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸಂಸ್ಥಾನವು ತರೀಕೆರೆಯಿಂದ ನರಸಿಂಹರಾಜಪುರದವರೆಗೆ ಕೇವಲ 2 ಅಡಿ ಅಗಲದ ಕಿರುಹಳಿಯನ್ನು ಹಾಕಿಸಿತ್ತು. ಮುಂದೆ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಅದರ ಮೇಲ್ಭಾಗದ ಕಣಿವೆ ಜಲಾಶಯದ ಪಾಲಾಯಿತು. ಆ ಕಿರುಹಳಿಯೂ ಇಂದು ಉಳಿದಿಲ್ಲ. ಅದು ಮುಟ್ಟಿದ್ದು ಘಟ್ಟದ ಮೇಲಿನ ಕಾಡನ್ನು ಮಾತ್ರ, ಘಟ್ಟವನ್ನು ಇಳಿಯುವ ಸಾಹಸಕ್ಕೆ ಅದು ಕೈಹಾಕಲಿಲ್ಲ. ಆ ಸಾಹಸ ನಡೆದದ್ದು ಉತ್ತರದಲ್ಲಿ ಕ್ಯಾಸಲ್ ರಾಕ್‌ನಿಂದ ಕುಳೇಮಿಗೆ ಇಳಿಯುವ ಬ್ರಗಾಂಜಾ ಘಾಟಿಯಲ್ಲಿ ಮತ್ತು ದಕ್ಷಿಣದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಮಾರ್ಗದಲ್ಲಿ. ಗಾಡಿಯ ವೇಗವನ್ನು ಗಾಡಿಯೊಳಗಿನ ಬ್ರೇಕಿಗೆ ಮಾತ್ರ ಒಪ್ಪಿಸದೆ, ಹಳಿಯ ಪಕ್ಕದ ನೆಲದಲ್ಲೇ ತಡೆಯನ್ನು ಕಟ್ಟಿಡುವ ಪದ್ಧತಿ ಕರ್ನಾಟಕದಲ್ಲಿ ಬೇರೂರಿದ್ದು ಈ ಎರಡು ಘಾಟಿಗಳಲ್ಲಿ.

ಇಂಥ ತಡೆ ಏಕೆ ಬೇಕು ಎಂಬುದನ್ನು ಸಣ್ಣ ಲೆಕ್ಕವೊಂದು ತಿಳಿಸುತ್ತದೆ. 50ಕ್ಕೆ 1ರ ಇಳಿಜಾರು ಎಂದರೆ 50 ಮೀಟರು ಮುಂದೆ ಹೋದಾಗ ಹಳಿ 1 ಮೀಟರು ತಗ್ಗುತ್ತದೆ ಎಂದರ್ಥ. ಕಣ್ಣಿಗೆ ಅಷ್ಟೇನೂ ಕಾಣದ ಈ ತಗ್ಗಿನಲ್ಲಿ 3,000 ಟನ್ನಿನ ಗೂಡ್ಸ್ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ 60 ಟನ್ ತೂಕಕ್ಕೆ ಸಮನಾಗಿರುತ್ತದೆ. ನಿಂತಲ್ಲಿಂದ ಬ್ರೇಕು ಬಿಟ್ಟುಹೋದ ವ್ಯಾಗನ್ನು, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದು ಕಿಲೋಮೀಟರು ಉರುಳುವಷ್ಟರಲ್ಲಿ ಗಂಟೆಗೆ 70 ಕಿ.ಮೀ. ವೇಗವನ್ನು ಮುಟ್ಟುತ್ತದೆ. ಬ್ರಗಾಂಜಾ ಘಾಟಿಯಲ್ಲಿ ಅತಿ ಕಡಿದಾದ ಏರು 37ಕ್ಕೆ 1. ಬ್ರಿಟಿಷರು ಮತ್ತು ಪೋರ್ಚುಗೀಸರ ನಡುವಿನ 1878ರ ಒಪ್ಪಂದದ ಫಲವಾಗಿ, ಮುರಗಾವ್ ಬಂದರನ್ನು ದಖನ್ನಿನ ಬಯಲಿಗೆ ಜೋಡಿಸಲು 1880ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹಾಕಿದ ಈ ಮಾರ್ಗದಲ್ಲಿ ಎಂಜಿನ್ನುಗಳಿಗೆ ಹತ್ತುವುದೇ ಕಷ್ಟವೆಂದು ಹೇಳುವುದು ವಾಡಿಕೆ. ಆದರೆ ರೈಲ್ವೆಯವರ ನಿದ್ದೆಗೆಡಿಸಿದ್ದು ಇಳಿಯುವುದು. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ, ಇಳಿಯುವಾಗ ಬ್ರೇಕು ಸೋತರೆ ಅದನ್ನು ನಿಲ್ಲಿಸಲು ನೆಲವಲ್ಲದೆ ಬೇರೇನೂ ಉಳಿಯುವುದಿಲ್ಲ.

ಆ ನೆಲದ ತಡೆಗೆ ರೈಲ್ವೆಯ ಭಾಷೆಯಲ್ಲಿ ಕ್ಯಾಚ್ ಸೈಡಿಂಗ್ ಎಂದು ಹೆಸರು. ಇಳಿಜಾರಿನ ಕೆಳಗಿರುವ ನಿಲ್ದಾಣವನ್ನು ತಲುಪುವ ಮೊದಲೇ ಮುಖ್ಯ ಹಳಿಯಿಂದ ಒಂದು ಹಳಿ ಕವಲೊಡೆದು ಗುಡ್ಡದ ಮೈಯನ್ನು ಏರುತ್ತದೆ. ಅದರ ಕೊನೆಯಲ್ಲಿ ಹಳಿಯನ್ನು ಮರಳಿನಲ್ಲಿ ಹೂತಿರುವುದೂ ಉಂಟು. ಈ ಏರ್ಪಾಟಿನ ಜಾಣ್ಮೆಯಿರುವುದು ಪಾಯಿಂಟಿನಲ್ಲಿ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಚಲಿಸುವ ಹಳಿತುಂಡಿನಲ್ಲಿ. ಅದು ಸದಾ ಕಾಲವೂ ಮುಖ್ಯ ಮಾರ್ಗಕ್ಕಲ್ಲ, ಸೈಡಿಂಗಿಗೇ ತಿರುಗಿರುತ್ತದೆ. ಇಳಿದು ಬರುವ ಪ್ರತಿಯೊಂದು ಗಾಡಿಯೂ ಸಿಗ್ನಲಿನ ಮುಂದೆ ಪೂರ್ತಿಯಾಗಿ ನಿಂತು, ತನ್ನ ಬ್ರೇಕು ಹಿಡಿತದಲ್ಲಿದೆ ಎಂಬುದನ್ನು ನಿಂತು ತೋರಿಸಿದ ಮೇಲಷ್ಟೇ ಪಾಯಿಂಟನ್ನು ಮುಖ್ಯ ಹಳಿಗೆ ಹೊಂದಿಸಿ ದಾರಿ ಬಿಡುತ್ತಾರೆ. ನಿಲ್ಲಲಾರದ ಗಾಡಿ ತಾನಾಗಿಯೇ ಏರುಹಳಿಗೆ ನುಗ್ಗಿ, ಏರಿನಲ್ಲೂ ಮರಳಿನಲ್ಲೂ ವೇಗ ಕಳೆದುಕೊಳ್ಳುತ್ತದೆ. ಯಾರೂ ಓಡಿಹೋಗಿ ಲಿವರ್ ಎಳೆಯಬೇಕಾಗಿಲ್ಲ, ಯಾರ ಸಮಯಸ್ಫೂರ್ತಿಯನ್ನೂ ನೆಚ್ಚಬೇಕಾಗಿಲ್ಲ. ಮನುಷ್ಯನ ಮರೆವನ್ನೂ ಯಂತ್ರದ ದೋಷವನ್ನೂ ಮೊದಲೇ ಎಣಿಸಿ, ತಪ್ಪು ನಡೆದರೂ ಜೀವಹಾನಿ ಆಗದಂತೆ ನೆಲವನ್ನೇ ಸಿದ್ಧಪಡಿಸಿದ ಈ ವಿವೇಕ ರೈಲ್ವೆ ಎಂಜಿನಿಯರಿಂಗಿನ ಅತ್ಯಂತ ಮಾನವೀಯ ಸಾಧನೆಗಳಲ್ಲಿ ಒಂದು.

ಇದರ ಜೊತೆಗಾರನಾದ ಸ್ಲಿಪ್ ಸೈಡಿಂಗಿನ ಕೆಲಸ ಇನ್ನೊಂದು ದಿಕ್ಕಿನದು. ನಿಲ್ದಾಣದಲ್ಲಿ ನಿಂತಿದ್ದ ವ್ಯಾಗನ್ನುಗಳು ಜಾರಿ ಕೆಳಗಿನ ಮಾರ್ಗಕ್ಕೆ ಉರುಳದಂತೆ ಅದು ಅವನ್ನು ಪಕ್ಕಕ್ಕೆ ತಿರುಗಿಸುತ್ತದೆ. ನಿಲ್ದಾಣದ ಕಡೆಗೆ 80ಕ್ಕೆ 1ಕ್ಕಿಂತ ಕಡಿದಾದ ಇಳಿಜಾರಿದ್ದರೆ ಕ್ಯಾಚ್ ಸೈಡಿಂಗ್, ನಿಲ್ದಾಣದಿಂದ ಆಚೆಗೆ 100ಕ್ಕೆ 1ಕ್ಕಿಂತ ಕಡಿದಾದ ಇಳಿಜಾರಿದ್ದರೆ ಸ್ಲಿಪ್ ಸೈಡಿಂಗ್ ಎಂಬುದು ಭಾರತೀಯ ರೈಲ್ವೆಯ ನಿಯಮ.

ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣಗೊಂಡಾಗ ಈ ನಿಯಮ ಶಿರಾಡಿಯ ಕಾಡಿನೊಳಗೂ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ದೂರದಲ್ಲಿ 57 ಸುರಂಗಗಳಿದ್ದು, ಇಳಿಜಾರು 50ಕ್ಕೆ 1ರಷ್ಟಿದೆ. 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿದ ಈ ಮಾರ್ಗದಲ್ಲಿ 2006ರಲ್ಲಿ ಗೂಡ್ಸ್ ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಓಡತೊಡಗಿದವು. ದೋಣಿಗಲ್, ಕಡಗರವಳ್ಳಿ, ಯಡಕುಮೇರಿಗಳಂಥ ನಿಲ್ದಾಣಗಳಲ್ಲಿ ಹತ್ತುವ ಇಳಿಯುವ ಜನ ವಿರಳ. ಅವು ಇರುವುದೇ ಗಾಡಿಗಳನ್ನು ನಿಲ್ಲಿಸಿ, ಬ್ರೇಕು ಪರೀಕ್ಷಿಸಿ, ಕಾದ ಚಕ್ರಗಳನ್ನು ಆರಿಸಿ ಮುಂದಕ್ಕೆ ಬಿಡುವುದಕ್ಕೆ. ಈ ಮಾರ್ಗದ ಬಗ್ಗೆ ಬರೆದವರೆಲ್ಲ ಸುರಂಗ, ಸೇತುವೆ, ಜಲಪಾತಗಳನ್ನು ಎಣಿಸಿದ್ದಾರೆ. ಗುಡ್ಡಕ್ಕೆ ಏರಿ ಹುಲ್ಲಿನಲ್ಲಿ ಮುಗಿದುಹೋಗುವ ಈ ಕವಲುಹಳಿಗಳ ಕಡೆಗೆ ಗಮನ ಹರಿಸಿದವರು ಕಡಿಮೆ. ಅದು ನ್ಯಾಯವಲ್ಲ. ಶೃಂಗೇರಿಯ ಸೀಮೆಯಿಂದ ಕರಾವಳಿಗೆ ಎಂದಾದರೂ ರೈಲು ಇಳಿಯುವುದಾದರೆ ಮೊದಲು ಎದುರಾಗುವ ಪ್ರಶ್ನೆ ಇದೇ: ಸುಮಾರು 600 ಮೀಟರು ಎತ್ತರವನ್ನು 50ಕ್ಕೆ 1ರಲ್ಲಿ ಇಳಿಸಬೇಕಾದರೆ ಕನಿಷ್ಠ 30 ಕಿ.ಮೀ. ಹಳಿ ನಿರಂತರವಾಗಿ ತಗ್ಗಬೇಕು, ಆ ದಾರಿಯ ಪ್ರತಿ ನಿಲ್ದಾಣಕ್ಕೂ ಇಂಥದೊಂದು ಕಾವಲು ಬೇಕು.

ನೆಲದ ಬ್ರೇಕಿನ ಇನ್ನೊಂದು ಕವಲು ಬೆಳೆದದ್ದು ಘಾಟಿಯಲ್ಲಲ್ಲ, ಮಾರ್ಷಲಿಂಗ್ ಯಾರ್ಡಿನಲ್ಲಿ, ಎಂದರೆ ಬೇರೆ ಬೇರೆ ಊರಿಗೆ ಹೋಗುವ ವ್ಯಾಗನ್ನುಗಳನ್ನು ಬಿಡಿಸಿ ಹೊಸ ಗಾಡಿಗಳಾಗಿ ಜೋಡಿಸುವ ಹಳಿಗಳ ಬಯಲಿನಲ್ಲಿ. ಅಲ್ಲಿ ಇಳಿಜಾರು ಶತ್ರುವಲ್ಲ, ಕೂಲಿಯಾಳು. ಹಂಪ್ ಎಂಬ ಕೃತಕ ದಿಬ್ಬದ ಮೇಲಕ್ಕೆ ಗಾಡಿಯನ್ನು ತಳ್ಳಿ, ಕೊಂಡಿ ಕಳಚಿದರೆ ವ್ಯಾಗನ್ನುಗಳು ಒಂದೊಂದಾಗಿ ತಾವೇ ಉರುಳಿ ತಮ್ಮ ತಮ್ಮ ಹಳಿಗೆ ಸೇರುತ್ತವೆ. ಮೂರು ಮೀಟರು ಎತ್ತರದಿಂದ ಉರುಳಿದ ವ್ಯಾಗನ್ನು ಗಂಟೆಗೆ 25 ಕಿ.ಮೀ.ಗೂ ಮೀರಿದ ವೇಗ ಪಡೆಯಬಲ್ಲದು, ಆದರೆ ಮುಂದೆ ನಿಂತಿರುವ ವ್ಯಾಗನ್ನನ್ನು ಅದು ಮುಟ್ಟಬೇಕಾದದ್ದು ಮನುಷ್ಯನ ನಡಿಗೆಯ ವೇಗದಲ್ಲಿ. ತುಂಬಿದ್ದು, ಖಾಲಿಯದು, ಎಣ್ಣೆ ಒಣಗಿದ್ದು ಎಲ್ಲವೂ ಬೇರೆ ಬೇರೆ ರೀತಿಯಲ್ಲಿ ಉರುಳುವುದರಿಂದ ಈ ವ್ಯತ್ಯಾಸವನ್ನು ಮೊದಮೊದಲು ತುಂಬಿದವರು ಕೆಲಸಗಾರರು. ಅವರು ವ್ಯಾಗನ್ನಿನ ಪಕ್ಕದಲ್ಲಿ ಓಡುತ್ತ ಕೈಬ್ರೇಕಿನ ಲಿವರನ್ನು ಅದುಮುತ್ತಿದ್ದರು, ಇಲ್ಲವೆ ಉರುಳುವ ಚಕ್ರದ ಮುಂದೆ ಹಳಿಯ ಮೇಲೆ ಸ್ಕಿಡ್ ಎಂಬ ಕಬ್ಬಿಣದ ಅಡೆಯನ್ನು ಇಡುತ್ತಿದ್ದರು. ಕಾಲು ಜಾರಿದರೆ ಕೈಯೋ ಕಾಲೋ ಹೋಗುವ ಕೆಲಸವದು. ಲಿವರ್‌ಪೂಲಿನ ಎಡ್ಜ್ ಹಿಲ್ ಯಾರ್ಡಿನಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲೇ, ಹಿಡಿತ ತಪ್ಪಿದ ವ್ಯಾಗನ್ನಿನ ಅಚ್ಚನ್ನು ಹಿಡಿಯುವ ಕೊಕ್ಕೆಯನ್ನೂ ಅದರ ಹಿಂದೆ ಎಳೆದುಕೊಂಡು ಹೋಗುವ ಭಾರವಾದ ಸರಪಳಿಯನ್ನೂ ಹಳಿಗಳ ನಡುವೆ ಅಳವಡಿಸಲಾಗಿತ್ತು.

ಓಡುವ ಕಾಲಾಳಿನ ಬದಲು ನೆಲಕ್ಕೆ ಕೂಡಿಸಿದ ಯಂತ್ರ ಬಂದದ್ದು 1924ರಲ್ಲಿ, ಅಮೆರಿಕದ ಇಂಡಿಯಾನಾ ಹಾರ್ಬರ್ ಬೆಲ್ಟ್ ರೈಲ್ವೆಯ ಗಿಬ್ಸನ್ ಯಾರ್ಡಿಗೆ. ಜಾರ್ಜ್ ಹ್ಯಾನಾವರ್ ರೂಪಿಸಿದ ರಿಟಾರ್ಡರ್ ಎಂಬ ಈ ಸಾಧನದಲ್ಲಿ ಹಳಿಯ ಇಕ್ಕೆಲಗಳಲ್ಲಿ ಉದ್ದನೆಯ ಉಕ್ಕಿನ ಪಟ್ಟಿಗಳಿದ್ದು, ಗೋಪುರದಲ್ಲಿ ಕುಳಿತವನು ಸಂಕೇತ ಕೊಟ್ಟಾಗ ಅವು ಚಕ್ರದ ಎರಡು ಮಗ್ಗುಲನ್ನೂ ಅಮುಕಿ ಹಿಡಿದು ವೇಗವನ್ನು ಕಳೆಯುತ್ತವೆ. ಅದೇ ಕಾಲಕ್ಕೆ ಜರ್ಮನಿಯಲ್ಲಿ ಬೆಳೆದ ಫ್ರೋಲಿಖ್ ಮಾದರಿಯ ಹೈಡ್ರಾಲಿಕ್ ಹಳಿಬ್ರೇಕನ್ನು 1929ರಲ್ಲಿ ಇಂಗ್ಲೆಂಡಿನ ವೈಟ್‌ಮೂರ್ ಯಾರ್ಡು ತರಿಸಿಕೊಂಡಿತು. 1950ರ ದಶಕದಿಂದ ರೇಡಾರು ವ್ಯಾಗನ್ನಿನ ವೇಗವನ್ನು ಅಳೆದು, ಎಷ್ಟು ಅಮುಕಬೇಕೆಂಬುದನ್ನು ಗಣಕಯಂತ್ರವೇ ನಿರ್ಧರಿಸತೊಡಗಿತು.

ಭಾರತದಲ್ಲಿ ಮೊಘಲ್‌ಸರಾಯಿಯಂಥ ದೊಡ್ಡ ಯಾರ್ಡುಗಳಿಗೆ ಈ ಯಂತ್ರ ಬಂತು. ಅದು ಎಲ್ಲೆಡೆ ಹರಡುವಷ್ಟರಲ್ಲಿ ಸಾಗಣೆಯ ಕ್ರಮವೇ ಬದಲಾಗಿ, 1980ರ ದಶಕದಿಂದ ಅದಿರು, ಕಲ್ಲಿದ್ದಲು, ಸಿಮೆಂಟುಗಳನ್ನು ಬಿಡಿ ವ್ಯಾಗನ್ನುಗಳಲ್ಲಿ ಕಳುಹಿಸದೆ ಇಡೀ ಗಾಡಿಯನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳುಹಿಸುವ ಪದ್ಧತಿ ಬಲವಾಯಿತು. ಬಳ್ಳಾರಿ–ಹೊಸಪೇಟೆ ಸೀಮೆಯ ಅದಿರು ಕ್ಯಾಸಲ್ ರಾಕ್ ಘಾಟಿಯಿಳಿದು ಮುರಗಾವಿಗೆ ಹೋದದ್ದೂ ಹೀಗೆ ಇಡಿಯಾದ ಗಾಡಿಗಳಲ್ಲೇ. ವ್ಯಾಗನ್ನುಗಳನ್ನು ಬಿಡಿಸುವ ಅಗತ್ಯ ಕುಗ್ಗಿದಾಗ ದಿಬ್ಬಕ್ಕೂ ರಿಟಾರ್ಡರಿಗೂ ಕೆಲಸ ಕಡಿಮೆಯಾಯಿತು. ಸ್ಕಿಡ್ ಮಾತ್ರ ಹೋಗಲಿಲ್ಲ. ಎಂಜಿನ್ ಬಿಚ್ಚಿ ನಿಲ್ಲಿಸಿದ ವ್ಯಾಗನ್ನುಗಳು ಉರುಳದಂತೆ ಕೈಬ್ರೇಕು ಬಿಗಿದು, ಚಕ್ರಕ್ಕೆ ಅಡೆ ಕೊಟ್ಟು, ಹಳಿಗೆ ಸರಪಳಿ ಸುತ್ತಿ ಬೀಗ ಹಾಕುವುದು ನಿಲ್ದಾಣದ ಪಾಯಿಂಟ್ಸ್‌ಮನ್ನನ ಕರ್ತವ್ಯವಾಗಿ ಇಂದಿಗೂ ಮುಂದುವರಿದಿದೆ.